ಒಂಬತ್ತನೇ ಸ್ಥಾನದ ನೆಲಿಮಾ

ನೆಲಿಮಾ ಹುಟ್ಟಿದ್ದು ಜೋಳದ ಹೊಲದಲ್ಲಿ ಕಳೆ ಕೀಳುವ ಕಾಲಕ್ಕೆ. ಆ ಕಾಲದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಬುಕುಸು ಜನ ಇಡುವ ಹೆಸರೇ ಅದು, ಯಾರೂ ಕೂತು ಯೋಚಿಸಿ ಇಟ್ಟದ್ದಲ್ಲ. ಕಿಮಿಲಿಲಿ ಪೇಟೆ ದಾಟಿ ಎಲ್ಗಾನ್ ಬೆಟ್ಟದ ಕಡೆಗೆ ಏರುವ ದಾರಿಯಲ್ಲಿ ಅವಳ ಮನೆ. ಅಪ್ಪ ಮುಖ್ವಾನಾ ಪೇಟೆಯಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದ. ಅಮ್ಮ ರೋಸಲಿಡಾ ಸಂತೆಯಲ್ಲಿ ಟೊಮೆಟೊ, ಈರುಳ್ಳಿ ಮಾರುತ್ತಿದ್ದಳು. ಇಬ್ಬರೂ ಬೆಳಗ್ಗೆ ಹೊರಟರೆ ಸಂಜೆಗೇ ಬರುವುದು. ಹಾಗಾಗಿ ಹುಡುಗಿ ಬೆಳೆದದ್ದು ಅಜ್ಜಿ ನಬ್ವಿಲೆಯ ಬೆನ್ನ ಮೇಲೆ. ನಡೆಯಲು ಬಂದ ಮೇಲೂ ಅಜ್ಜಿ ಅವಳನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ನೀರಿಗೆ ಹೋಗುತ್ತಿದ್ದಳು. ನೆರೆಯವರು ನಕ್ಕರೆ, "ಇವಳ ಕಾಲು ಸವೆಯೋದು ಬೇಡ, ಮುಂದೆ ದೂರ ಹೋಗೋಳು" ಅನ್ನುತ್ತಿದ್ದಳು.

ಊರಿನ ಪ್ರಾಥಮಿಕ ಶಾಲೆಯಲ್ಲಿ ಎಂಟು ವರ್ಷವೂ ನೆಲಿಮಾಳೇ ಮೊದಲು. ಆ ಅಂಕದ ಮೇಲೆ ಬೆಟ್ಟದ ಬುಡದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ತಗಡಿನ ಪೆಟ್ಟಿಗೆ, ಹಾಸಿಗೆ, ಎರಡು ಜೊತೆ ಸಮವಸ್ತ್ರದೊಂದಿಗೆ ಅಪ್ಪ ಅವಳನ್ನು ಗೇಟಿನ ಹತ್ತಿರ ಬಿಟ್ಟು ಹೋದ. ಮೊದಲ ಅವಧಿ ಮುಗಿದು ನೋಟೀಸ್ ಬೋರ್ಡಿಗೆ ಪಟ್ಟಿ ಹಾಕಿದರು. ಇನ್ನೂರ ಹನ್ನೆರಡು ಹುಡುಗಿಯರಲ್ಲಿ ಅವಳ ಹೆಸರು ನೂರ ನಲವತ್ತಮೂರನೆಯದು. ಅವಳು ಮೇಲಿನಿಂದ ಹುಡುಕುತ್ತ ಬಂದವಳು. ಮೂರನೇ ಹಾಳೆಗೆ ಬರುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಮೇಲಿನ ಮಂಚದಲ್ಲಿ ಮಲಗುವ ಲ್ಯಾವೆಂಡರ್ ಎಂಬ ಕಿಸುಮು ಕಡೆಯ ಹುಡುಗಿ ಹಿಂದೆ ನಿಂತು ನೋಡುತ್ತಿದ್ದಳು.

"ಅಳ್ಬೇಡ ಕಣೇ ಹಳ್ಳಿ ಫಸ್ಟು. ಇಲ್ಲಿರೋರೆಲ್ಲ ಅವರವರ ಹಳ್ಳಿಗೆ ಫಸ್ಟೇ."

"ನಾನೆಲ್ಲಿ ಅಳ್ತಿದೀನಿ?"

"ಮೂಗು ಅಳ್ತಿದೆ ನೋಡು, ಒರೆಸ್ಕೋ. ಮೇಲೆ ಬರೋಕೆ ದಾರಿ ಇದೆ, ಹೇಳ್ಕೊಡ್ತೀನಿ ಬಾ."

ಲ್ಯಾವೆಂಡರ್ ಕೆಟ್ಟವಳಲ್ಲ. ತನಗೆ ಅಕ್ಕಂದಿರು ಹೇಳಿಕೊಟ್ಟದ್ದನ್ನೇ ಅವಳೂ ಹೇಳಿಕೊಟ್ಟಳು. ಶಾಲೆಯ ಗಂಟೆ ಬಾರಿಸುವುದು ಬೆಳಗಿನ ಜಾವ ನಾಲ್ಕೂವರೆಗೆ. ಅದಕ್ಕಿಂತ ಒಂದು ಗಂಟೆ ಮುಂಚೆ ಎದ್ದು, ಬಟ್ಟೆ ಒಗೆಯುವ ಬೇಸಿನ್ನಿನಲ್ಲಿ ತಣ್ಣೀರು ತುಂಬಿಸಿ, ಕಾಲು ಮುಳುಗಿಸಿ ಕೂರಬೇಕು. ಬೆಟ್ಟದಿಂದ ಇಳಿದು ಬರುವ ನೀರು. ಐದು ನಿಮಿಷಕ್ಕೆ ಕಾಲು ತನ್ನದಲ್ಲ ಅನ್ನಿಸುತ್ತದೆ, ನಿದ್ದೆ ಓಡಿಹೋಗುತ್ತದೆ. ಓಡದಿದ್ದರೆ ಅಂಗೈಗೆ ಕಾಫಿಪುಡಿ, ಸಕ್ಕರೆ ಸುರಿದುಕೊಂಡು ನೆಕ್ಕಬೇಕು. ನೀರು ಬೆರೆಸಬಾರದು, ನೀರು ಬೆರೆಸಿದರೆ ಬೇಗ ಇಳಿದುಬಿಡುತ್ತದೆ.

ಎರಡನೇ ವರ್ಷಕ್ಕೆ ಬರುವಾಗ ಅವಳು ತೊಂಬತ್ತಾರನೆಯವಳು. ದಾರಿ ಸರಿ ಇದೆ ಅನ್ನಿಸಿತು. ಆಮೇಲಿನದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ, ಅವಳೇ ಒಂದೊಂದಾಗಿ ಸೇರಿಸಿಕೊಂಡಳು. ಮಧ್ಯಾಹ್ನ ಗಿಥೇರಿ ಹಾಕಿಸಿಕೊಳ್ಳುವ ಸಾಲು ಉದ್ದ. ಜೋಳವೂ ಕಾಳೂ ಅರ್ಧ ಬೆಂದಿರುತ್ತಿದ್ದವು, ಅಗಿಯಲೂ ಹೊತ್ತು ಬೇಕು. ಊಟ ಬಿಟ್ಟರೆ ನಲವತ್ತು ನಿಮಿಷ ಸಿಗುತ್ತದೆ. ಬಿಟ್ಟಳು. ಸಂಜೆ ಹ್ಯಾಂಡ್‌ಬಾಲ್ ಆಡುತ್ತಿದ್ದಳು, ಅದನ್ನೂ ಬಿಟ್ಟಳು. ಭಾನುವಾರ ಹುಡುಗಿಯರು ಹುಲ್ಲಿನ ಮೇಲೆ ಕೂತು ಒಬ್ಬರಿಗೊಬ್ಬರು ಜಡೆ ಹೆಣೆಯುವಾಗ ಇವಳು ತಲೆಯನ್ನು ಸಣ್ಣಗೆ ಕತ್ತರಿಸಿಕೊಂಡು ಬಂದು ತರಗತಿಯಲ್ಲಿ ಕೂತಳು. ಪರೀಕ್ಷೆ ಬರೆದು ಹೊರಬಂದ ಕೂಡಲೇ ಪ್ರಶ್ನೆಪತ್ರಿಕೆ ಹಿಡಿದು ಒಬ್ಬೊಬ್ಬರನ್ನೇ ಉತ್ತರ ಕೇಳುತ್ತಿದ್ದಳು. ತನ್ನದು ತಪ್ಪು ಅಂತ ಒಂದಾದರೂ ಸಿಗುವವರೆಗೆ ಬಿಡುತ್ತಿರಲಿಲ್ಲ. ಹೊಸ ಪಟ್ಟಿ ಇಲ್ಲದ ದಿನವೂ ನೋಟೀಸ್ ಬೋರ್ಡಿನ ಹತ್ತಿರ ಹೋಗಿ ಹಳೆಯದನ್ನೇ ಓದಿ ಬರುತ್ತಿದ್ದಳು. ಸ್ವೆಟರಿನ ತೋಳಿನ ಅಂಚನ್ನು ಕಚ್ಚಿ ಕಚ್ಚಿ ಎರಡೂ ಕೈ ಹತ್ತಿರ ನೂಲು ಜೋತುಬಿದ್ದಿತ್ತು.

ರಜೆಗೆ ಮನೆಗೆ ಬಂದರೆ ಅಪ್ಪನ ಫೋನು. ತರಗತಿಯ ಹುಡುಗಿಯರು ಅಪ್ಪನದೋ ಅಕ್ಕನದೋ ಫೋನು ಇಸಿದುಕೊಂಡು ಒಂದು ಗುಂಪು ಮಾಡಿದ್ದರು. "ಇವತ್ತು ಭೌತಶಾಸ್ತ್ರ ಆರು ಪಾಠ ಮುಗಿಸ್ದೆ" ಅಂತ ಒಬ್ಬಳು ಹಾಕುವಳು. "ನಾನು ಎರಡನೇ ಸಲ ಓದ್ತಿದೀನಿ" ಅಂತ ಇನ್ನೊಬ್ಬಳು. ನೆಲಿಮಾ ಒಂದು ಪುಟ ಓದಿ ಫೋನು ನೋಡುವಳು, ಅರ್ಧ ಪುಟ ಓದಿ ಮತ್ತೆ ನೋಡುವಳು. ಅಪ್ಪ ಗಿರಾಕಿಗಳ ಕರೆಗೆ ಕಾಯುತ್ತ ಬಾಗಿಲಲ್ಲಿ ನಿಂತಿರುತ್ತಿದ್ದ.

"ಮಗಳೇ, ಅದನ್ನ ಹಾಗೆ ಉಜ್ಜಬೇಡ, ಗಾಜು ಸವೆದುಹೋಗುತ್ತೆ."

"ಓದ್ತಿದೀನಪ್ಪ."

"ಓದು ಓದು" ಅನ್ನುತ್ತಿದ್ದ. ಓದು ಅಂದರೆ ಅವನು ಏನನ್ನೂ ಕೇಳುವವನಲ್ಲ.

ಮೂರನೇ ವರ್ಷದ ಎರಡನೇ ಅವಧಿಯಲ್ಲಿ ಅವಳು ಒಂಬತ್ತನೆಯವಳಾದಳು. ಪಟ್ಟಿ ಹಾಕಿದ ದಿನ ಹುಡುಗಿಯರು ಕೂಗುತ್ತ ಬಂದು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳವೆಲ್ಲ ಸುತ್ತಿದರು. ಲ್ಯಾವೆಂಡರ್ ಆ ಸಲ ಹದಿನಾಲ್ಕನೆಯವಳು. ಆದರೂ ಎಲ್ಲರಿಗಿಂತ ಜೋರಾಗಿ ಹಾಡಿದವಳು ಅವಳೇ. ನೆಲಿಮಾ ಮೇಲಿನಿಂದ ಅವರ ತಲೆಗಳನ್ನು ನೋಡುತ್ತ ಕೂತಿದ್ದಳು. ಯಾರದೋ ಪೆಟ್ಟಿಗೆಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುತ್ತಿದ್ದಾರೆ ಅನ್ನಿಸಿತು. ನಗಬೇಕು ಅಂತ ನೆನಪಾಗಿ ನಕ್ಕಳು. ಕೆಳಗೆ ಇಳಿಸಿದ ಕೂಡಲೇ ಬೋರ್ಡಿನ ಹತ್ತಿರ ಹೋಗಿ ಪಟ್ಟಿಯನ್ನು ಇನ್ನೊಮ್ಮೆ ಓದಿದಳು. ಎದೆ ಹೊಡೆದುಕೊಳ್ಳುವುದು ಆಗಲೇ ಅಭ್ಯಾಸವಾಗಿಹೋಗಿತ್ತು. ಎಲ್ಲರಿಗೂ ಹಾಗೇ ಇರುತ್ತದೆ ಅಂದುಕೊಂಡಿದ್ದಳು.

ಬಹುಮಾನದ ದಿನ ಅಪ್ಪ ಯಾರದೋ ಕೋಟು ಹಾಕಿಕೊಂಡು ಬಂದ. ಕಂಡಕಂಡವರಿಗೆಲ್ಲ "ಒಂಬತ್ತು! ಇನ್ನೂರ ಹನ್ನೆರಡರಲ್ಲಿ ಒಂಬತ್ತು!" ಅಂದ. ಹೊರಡುವಾಗ ಅವಳ ತಲೆ ಸವರಿ, "ಇನ್ನು ಬರೀ ಎಂಟು ಜನ ತಾನೆ ಮುಂದಿರೋದು?" ಅಂದು ನಕ್ಕ. ಅದು ತಮಾಷೆಯ ಮಾತು. ನೆಲಿಮಾ ಆ ಎಂಟು ಹೆಸರುಗಳನ್ನು ಪುಸ್ತಕದ ಹಿಂದೆ ಬರೆದುಕೊಂಡಳು.

ಆಗಸ್ಟ್ ರಜೆಯಲ್ಲಿ ಅಜ್ಜಿ ತೀರಿಕೊಂಡಳು. ಮೂರು ದಿನ ಮಲಗಿದ್ದಳು, ಅಷ್ಟೆ. ಹೋಗುವ ಹಿಂದಿನ ದಿನ ನೆಲಿಮಾಳನ್ನು ಕರೆದಳು. ಹುಡುಗಿ ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಬಂದು ನಿಂತಳು.

"ಕೂತ್ಕೋ ನನ್ನವ್ವ."

"ಒಂದು ಪಾಠ ಇದೆ ಅಜ್ಜಿ, ಮುಗಿಸಿ ಬರ್ತೀನಿ."

"ಹೋಗು, ಮುಗಿಸ್ಕೊಂಡು ಬಾ" ಅಂದಳು ಅಜ್ಜಿ. ಪಾಠ ಮುಗಿಯುವ ಹೊತ್ತಿಗೆ ಅಜ್ಜಿಗೆ ನಿದ್ದೆ ಹತ್ತಿತ್ತು, ಆಮೇಲೆ ಅವಳು ಮಾತಾಡಲಿಲ್ಲ.

ಮಣ್ಣು ಮಾಡುವ ದಿನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ದೂರದೂರದಿಂದ ಬಂದ ನೆಂಟರು ಗೇಟಿನಿಂದಲೇ ಅಳುತ್ತ ಬಂದರು. ಹೋರಿ ಕಡಿದು ದೊಡ್ಡ ಹಂಡೆಗಳಲ್ಲಿ ಬೇಯಿಸಿದರು. ನೆಲಿಮಾ ಶವದ ಪೆಟ್ಟಿಗೆಯ ಹತ್ತಿರ ನಿಂತು ಅಜ್ಜಿಯ ಮುಖ ನೋಡಿದಳು. ಎದೆಯೊಳಗೆ ಏನಾದರೂ ಬರುತ್ತದೆ ಅಂತ ಕಾದಳು, ಏನೂ ಬರಲಿಲ್ಲ. ಕಾಯುತ್ತಿರುವಾಗಲೇ ರಸಾಯನಶಾಸ್ತ್ರದ ಒಂದು ಸಮೀಕರಣ ನೆನಪಾಗಿ, ಅದು ಸರಿಯೋ ತಪ್ಪೋ ಎಂಬ ಅನುಮಾನ ಹತ್ತಿಕೊಂಡಿತು. ಅನುಮಾನ ಹತ್ತಿದರೆ ನೋಡಲೇಬೇಕು. ಜನರ ನಡುವಿನಿಂದ ಜಾರಿ ಹೋಗಿ, ಜೋಳದ ಕಣಜದ ಹಿಂದೆ ಪುಸ್ತಕ ತೆರೆದು ಕೂತಳು.

ನೀರು ತರಲು ಆ ಕಡೆ ಬಂದ ಸೋದರತ್ತೆ ಅವಳನ್ನು ಕಂಡಳು. ಅವಳ ಬಾಯಿ ಮೊದಲೇ ದೊಡ್ಡದು.

"ನೋಡ್ರಪ್ಪಾ ಇಲ್ಲಿ! ಬೆನ್ನಲ್ಲಿ ಹೊತ್ತು ಸಾಕಿದವಳು ಮಣ್ಣಿಗೆ ಹೋಗ್ತಿದಾಳೆ, ಮೊಮ್ಮಗಳು ಪಾಠ ಓದ್ತಿದಾಳೆ! ಡಾಕ್ಟರಮ್ಮ ಆಗ್ತಾಳಂತೆ! ಕಣ್ಣಲ್ಲಿ ನೀರೇ ಇಲ್ಲದ ಡಾಕ್ಟರಮ್ಮ!"

ನಾಲ್ಕಾರು ಜನ ಬಂದು ನೋಡಿದರು. ಅಮ್ಮ ಬಂದು ಕೈಹಿಡಿದು ಎಬ್ಬಿಸಿಕೊಂಡು ಹೋದಳು. ನೆಲಿಮಾಗೆ ನಾಚಿಕೆಯೂ ಆಗಲಿಲ್ಲ. ಎಲ್ಲ ಗಾಜಿನ ಆಚೆಗೆ ನಡೆಯುತ್ತಿದ್ದಂತಿತ್ತು. ಸಮೀಕರಣ ಸರಿಯಾಗಿಯೇ ಇತ್ತು.

ಶಾಲೆ ಮತ್ತೆ ತೆರೆಯಿತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಮೊದಲ ದಿನ ಗಣಿತ. ಆ ಬೆಳಗ್ಗೆ ಅವಳು ಎರಡು ಸಲ ಕಾಫಿಪುಡಿ ನೆಕ್ಕಿದ್ದಳು. ಹಿಂದಿನ ಬೆಳಗ್ಗೆಯಿಂದ ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲ. ಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆ ಓದಿದಳು, ಉತ್ತರ ಗೊತ್ತಿತ್ತು. ಎರಡನೆಯದೂ ಗೊತ್ತಿತ್ತು. ಪೆನ್ನು ಹಾಳೆಯ ಮೇಲಿಟ್ಟಳು. ಕೈ ಮುಂದೆ ಹೋಗಲಿಲ್ಲ. ಬೆರಳುಗಳು ಪೆನ್ನನ್ನು ಬಿಗಿಯಾಗಿ ಹಿಡಿದು ಹಾಗೇ ನಿಂತವು. ಎಡಗೈಯಿಂದ ಬಲಗೈಯನ್ನು ತಳ್ಳಿ ನೋಡಿದಳು. ತುಟಿಯ ಸುತ್ತ ಜೋಮು ಹಿಡಿಯಿತು. ಉಸಿರು ಎಷ್ಟು ಎಳೆದುಕೊಂಡರೂ ಸಾಲಲಿಲ್ಲ. ಹೆದರಿಕೆ ಅವಳ ಮೈಯಲ್ಲೆಲ್ಲ ಇತ್ತು. ಅವಳು ಮಾತ್ರ ಅದರಿಂದ ದೂರ ಎಲ್ಲೋ ನಿಂತು, 'ಇವಳು ಬರೀತಾ ಇಲ್ಲವಲ್ಲ' ಅಂತ ನೋಡುತ್ತಿದ್ದಳು.

ಒಂದು ಗಂಟೆ ಹಾಗೇ ಕಳೆಯಿತು. ಕಾವಲಿಗಿದ್ದ ಟೀಚರ್ ಹತ್ತಿರ ಬಂದು ನೋಡಿದರೆ, ಹಾಳೆಯಲ್ಲಿ ಒಂದು ಚುಕ್ಕೆ. ಶಾಯಿ ಇಂಗಿ ಇಂಗಿ ಕೆಳಗಿನ ಹಾಳೆಗೂ ಇಳಿದಿತ್ತು.

ಅವಳನ್ನು ಸಿಕ್ ರೂಮಿಗೆ ಕರೆತಂದರು. ಸಿಕ್ ರೂಮು ಅಂದರೆ ನಾಲ್ಕು ಮಂಚ, ಒಂದು ಸೀಮೆಎಣ್ಣೆ ಸ್ಟವ್ವು, ಮತ್ತು ಮೇಟ್ರನ್ ರೆಸ್ಪಾ. ರೆಸ್ಪಾ ಅಮ್ಮನಿಗೆ ಐವತ್ತು ದಾಟಿತ್ತು. ದಪ್ಪ ಹೆಂಗಸು, ಮೊಣಕಾಲು ನೋವು, ಸದಾ ಬಯ್ಯುವ ಬಾಯಿ. ಏನೇ ಕಾಯಿಲೆ ಅಂದರೂ ಬಿಸಿನೀರು ಮತ್ತು ಒಂದು ಬಿಳಿ ಮಾತ್ರೆ ಕೊಡುತ್ತಾಳೆ ಅಂತ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಆವತ್ತು ಮಾತ್ರೆ ಕೊಡಲಿಲ್ಲ. ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದಿಟ್ಟಳು.

"ನಿನ್ನೆ ಬೆಳಗ್ಗೆಯಿಂದ ಏನೇನು ಮಾಡ್ದೆ, ಹೇಳು."

"ಏನೂ ಇಲ್ಲ ಅಮ್ಮಾ. ಯಾವಾಗ್ಲೂ ಮಾಡೋದೇ."

"ಯಾವಾಗ್ಲೂ ಮಾಡೋದನ್ನೇ ಹೇಳು. ನನಗೇನು ಅವಸರ ಇಲ್ಲ, ನನ್ನ ಮೊಣಕಾಲು ಎಲ್ಲಿಗೂ ಹೋಗೋಕೆ ಬಿಡಲ್ಲ."

ನೆಲಿಮಾ ಹೇಳಿದಳು. ಬೇಸಿನ್ನು, ಕಾಫಿಪುಡಿ, ಬಿಟ್ಟ ಊಟ, ಉತ್ತರ ಕೇಳುವುದು, ಬೋರ್ಡು ನೋಡುವುದು. ಹೇಳುತ್ತ ಹೇಳುತ್ತ ಅದರಲ್ಲಿ ವಿಶೇಷ ಏನೂ ಇಲ್ಲ ಅಂತ ಅವಳಿಗೇ ಅನ್ನಿಸಿತು. ಒಂದೊಂದೂ ಸಣ್ಣದು. ಒಂದೊಂದನ್ನೂ ಶಾಲೆಯಲ್ಲಿ ಯಾರಾದರೂ ಮಾಡುತ್ತಲೇ ಇದ್ದರು.

ರೆಸ್ಪಾ ಪೂರ್ತಿ ಕೇಳಿಸಿಕೊಂಡಳು. "ಇದೆಷ್ಟು ದಿನದಿಂದ?"

"ಎರಡು ವರ್ಷ."

"ನಾನು ಡಾಕ್ಟರಲ್ಲ. ನಿನಗೇನಾಗಿದೆ ಅಂತ ನನಗೆ ಗೊತ್ತಿಲ್ಲ. ಆದ್ರೆ ಹೀಗೆ ಸಾಕಿದ್ರೆ ಕೋಳಿನೂ ಮೊಟ್ಟೆ ಇಡಲ್ಲ ಕಣೇ."

ಮರುದಿನ ಅವಳನ್ನು ಮೋಟಾರ್‌ಸೈಕಲ್ ಬಾಡಿಗೆಗೆ ಹಿಡಿದು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ. ಅಲ್ಲಿದ್ದ ತರುಣ ವೈದ್ಯ ಎದೆಗೆ ಕೊಳವೆ ಇಟ್ಟು ಕೇಳಿ, ಕಣ್ಣು ನೋಡಿ, "ಇದು ಆತಂಕ" ಅಂದ. "ಮನೆಗೆ ಕಳ್ಳ ಬಂದಾಗ ಮೈ ಹೇಗೆ ಎಚ್ಚರ ಆಗುತ್ತೋ, ನಿನ್ನ ಮೈ ಎರಡು ವರ್ಷದಿಂದ ಹಾಗೇ ಇದೆ. ಅದಕ್ಕೇ ಈಗ ಅಳುನೂ ಇಲ್ಲ ನಗುನೂ ಇಲ್ಲ. ದಣಿದಿದೆ." ಹದಿನೈದು ದಿನಕ್ಕೊಮ್ಮೆ ಬುಧವಾರ ಬಂದು ಒಬ್ಬ ನರ್ಸಕ್ಕನ ಹತ್ತಿರ ಮಾತಾಡಬೇಕು ಅಂದ. ಕಾಫಿ ನಿಲ್ಲಿಸಬೇಕು, ನಿದ್ದೆ, ಊಟ ಹೊತ್ತಿಗೆ ಸರಿಯಾಗಿ ಆಗಬೇಕು ಅಂದ. ನೆಲಿಮಾ ತಲೆಯಾಡಿಸಿದಳು. ಉಳಿದ ಪರೀಕ್ಷೆಗಳ ವೇಳಾಪಟ್ಟಿ ತಲೆಯೊಳಗೆ ಓಡುತ್ತಲೇ ಇತ್ತು.

ರೆಸ್ಪಾ ಅವಳ ಹಾಸಿಗೆಯನ್ನು ಸಿಕ್ ರೂಮಿಗೆ ತರಿಸಿದಳು. ಬೇಸಿನ್ನನ್ನು ಕಸಿದುಕೊಂಡು ತನ್ನ ಕೋಸು ಸಸಿಗಳಿಗೆ ನೀರು ಹಾಕಲು ಇಟ್ಟುಕೊಂಡಳು. ಆರು ಗಂಟೆಗೆ ಮುಂಚೆ ಏಳುವ ಹಾಗಿಲ್ಲ, ತನ್ನ ಕಣ್ಣೆದುರೇ ರಾಗಿ ಗಂಜಿ ಕುಡಿಯಬೇಕು ಅಂತ ಕಟ್ಟುಮಾಡಿದಳು. ವಿಷಯ ಉಪಪ್ರಾಂಶುಪಾಲರ ಕಿವಿಗೆ ಬಿತ್ತು. ಅವರು ಸಿಕ್ ರೂಮಿನ ಬಾಗಿಲಿಗೇ ಬಂದರು.

"ಮೇಟ್ರನ್, ಆ ಹುಡುಗಿ ಮುಂದಿನ ವರ್ಷ ಶಾಲೆಗೆ ಎ ಗ್ರೇಡ್ ತರೋಳು. ನೀವು ನೋಡಿದ್ರೆ ಅವಳನ್ನ ಮಗು ಹಾಗೆ ಮಲಗಿಸ್ತಿದೀರಿ."

"ಮಲಗದಿದ್ರೆ ಬರೆಯೋಳು ಯಾರು ಮೇಷ್ಟ್ರೇ? ಕೈ ಇಲ್ಲೇ ಇದೆ, ನೀವೇ ಹಿಡ್ಕೊಂಡು ಬರೆಸಿ ನೋಡಿ."

"ಎಲ್ಲ ಹುಡುಗೀರೂ ಓದ್ತಾರಪ್ಪ, ಯಾರಿಗೂ ಹೀಗಾಗಿಲ್ಲ."

"ಆಗಿದೆ. ನೀವು ಬೋರ್ಡು ನೋಡ್ತೀರಿ, ನಾನು ಮಂಚ ನೋಡ್ತೀನಿ. ಈ ನಾಲ್ಕು ಮಂಚದಲ್ಲಿ ಮಲಗಿ ಹೋದವರ ಪಟ್ಟಿ ಬೇಕಾ?"

ಮೇಷ್ಟ್ರು ಪಟ್ಟಿ ಕೇಳಲಿಲ್ಲ, ಹೊರಟುಹೋದರು.

ಮೊದಲ ಎರಡು ವಾರ ಸುಖ ಏನೂ ಇರಲಿಲ್ಲ. ಕಾಫಿ ಬಿಟ್ಟದ್ದಕ್ಕೆ ತಲೆ ಸೀಳುವ ನೋವು. ಜಾವಕ್ಕೆ ಮುಂಚೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಏಳುವಂತಿಲ್ಲ. ತಗಡಿನ ಮಾಡನ್ನು ನೋಡುತ್ತ, ಆ ಹೊತ್ತಿಗೆ ಓದುತ್ತಿರುವ ಎಂಟು ಜನರ ಹೆಸರು ಹೇಳಿಕೊಳ್ಳುತ್ತ ಬಿದ್ದಿರುತ್ತಿದ್ದಳು. ಒಂದು ದಿನ ಲ್ಯಾವೆಂಡರ್ ಕೈಯಿಂದ ಒಂದು ಪೊಟ್ಟಣ ಕಾಫಿಪುಡಿ ತರಿಸಿಕೊಂಡು ದಿಂಬಿನ ಚೀಲದೊಳಗೆ ಇಟ್ಟಳು. ಹಾಸಿಗೆ ಕೊಡವುವಾಗ ಅದು ರೆಸ್ಪಾಳ ಕಾಲಬುಡಕ್ಕೇ ಬಿತ್ತು. ರೆಸ್ಪಾ ಬಯ್ಯಲಿಲ್ಲ. ಸ್ಟವ್ ಹಚ್ಚಿ, ಅದರಲ್ಲಿ ಹಾಲು ಹಾಕಿ ತಾನೇ ಕಾಯಿಸಿಕೊಂಡು ಕುಡಿದಳು. "ಚೆನ್ನಾಗಿದೆ. ಮತ್ತೆ ತರಿಸು" ಅಂದಳು. ನೆಲಿಮಾ ಮತ್ತೆ ತರಿಸಲಿಲ್ಲ.

ಬುಧವಾರಗಳಲ್ಲಿ ನರ್ಸಕ್ಕ ಒಂದು ಸಲಕ್ಕೆ ಒಂದೇ ಅಭ್ಯಾಸ ಹಿಡಿಯುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಪತ್ರಿಕೆಯನ್ನು ಮೇಟ್ರನ್ ಕೈಗೆ ಕೊಟ್ಟುಬಿಡು, ಯಾರನ್ನೂ ಕೇಳಬೇಡ ಅಂದಳು. ಆಮೇಲೆ ಬೋರ್ಡಿನ ಮುಂದೆ ಹಾಯುವ ದಾರಿ ಬಿಟ್ಟು ಅಡಿಗೆಮನೆಯ ಹಿಂದಿನ ದಾರಿ ಹಿಡಿ ಅಂದಳು. ನೆಲಿಮಾ ಅವೆಲ್ಲವನ್ನೂ ಪಾಠದ ಹಾಗೆ ಚಾಚೂ ತಪ್ಪದೆ ಮಾಡಿದಳು. ಒಳಗೆ ಮಾತ್ರ ಏನೂ ಅಲ್ಲಾಡಲಿಲ್ಲ. "ಹೇಗಿದೆ ಈಗ?" ಅಂದರೆ "ಏನೂ ಅನ್ನಿಸಲ್ಲ ಅಕ್ಕ" ಅನ್ನುವಳು. ನರ್ಸಕ್ಕ "ಸರಿ" ಅಂತ ಬರೆದುಕೊಳ್ಳುವಳು.

ನಾಲ್ಕನೇ ವರ್ಷದ ಮೊದಲ ಪಟ್ಟಿಯಲ್ಲಿ ಅವಳು ಅರವತ್ತನಾಲ್ಕನೆಯವಳು. ಅದನ್ನು ಲ್ಯಾವೆಂಡರ್ ಬಂದು ಹೇಳಿದಳು. ನೆಲಿಮಾ "ಹೂಂ" ಅಂದು ಪೇಸ್ಟು ಹಾಕಿಕೊಂಡು ಹಲ್ಲುಜ್ಜಿದಳು.

ಆ ಭಾನುವಾರ ಅಪ್ಪ ಅಮ್ಮ ನೋಡಲು ಬಂದರು. ಮರದ ಕೆಳಗೆ ಕಾಂಗಾ ಬಟ್ಟೆ ಹಾಸಿ ಅಮ್ಮ ಚಪಾತಿ, ಕೋಳಿ ಸಾರು ಬಿಚ್ಚಿದಳು. ಅಪ್ಪ ಚಪಾತಿ ಮುಟ್ಟದೆ ಕೂತಿದ್ದ. ರೆಸ್ಪಾ ಅವನನ್ನು ಮೊದಲೇ ಒಳಗೆ ಕೂರಿಸಿಕೊಂಡು ಎಲ್ಲ ಹೇಳಿದ್ದಳು.

"ಅವತ್ತು ನಾನು ತಮಾಷೆಗೆ ಅಂದಿದ್ದು ಮಗಳೇ. ಎಂಟು ಜನ ಅಂತ."

"ಗೊತ್ತಪ್ಪ."

"ಗೊತ್ತಿದ್ರೆ ಮತ್ಯಾಕೆ..." ಅಂದು ನಿಲ್ಲಿಸಿದ. ಒಂದು ಬೋಲ್ಟು ಜೇಬಿನಿಂದ ತೆಗೆದು ಬೆರಳಲ್ಲಿ ತಿರುಗಿಸುತ್ತ ಕೂತ. "ಬೈಕನ್ನ ಯಾರಾದ್ರೂ ಹೀಗೆ ಓಡಿಸ್ಕೊಂಡು ಬಂದ್ರೆ ನಾನು ಬಯ್ತೀನಿ. ಇಂಜಿನ್ ಆರೋಕೆ ಬಿಡಬೇಕು ಅಂತೀನಿ."

ಅವನು ಮೇಷ್ಟ್ರನ್ನು ನೋಡಲು ಎದ್ದು ಹೋದ ಮೇಲೆ ನೆಲಿಮಾ ಅಮ್ಮನಿಗೆ ಹೇಳಿದಳು, "ಅಜ್ಜಿಗೋಸ್ಕರ ನಾನು ಅಳಲೇ ಇಲ್ಲ. ಈಗ್ಲೂ ಅಳು ಬರ್ತಿಲ್ಲ. ಕರೆದಾಗ ಕೂರಲೂ ಇಲ್ಲ."

ರೋಸಲಿಡಾ ಕೋಳಿಯ ಎಲುಬು ಬಿಡಿಸುತ್ತಿದ್ದವಳು ಹಾಗೇ ಬಿಡಿಸುತ್ತ ಇದ್ದಳು. "ಅವಳು ನಿನ್ನನ್ನ ಬೆನ್ನಿಗೆ ಕಟ್ಕೊಂಡಾಗ ನೀನು ಎಷ್ಟು ಸಲ ಉಚ್ಚೆ ಹೊಯ್ದಿದ್ಯೋ! ಅದನ್ನೇ ಮನಸಲ್ಲಿ ಇಟ್ಕೊಳ್ಳದವಳು ಇದನ್ನ ಇಟ್ಕೋತಾಳಾ? ಅಳು ಬಂದ್ರೆ ಬರ್ಲಿ, ಬರದಿದ್ರೆ ಬಿಡು."

ನೆಲಿಮಾ ತಟ್ಟೆ ನೋಡುತ್ತ ಕೂತಿದ್ದಳು. ಅಳು ಬರಲಿಲ್ಲ. ಅದರ ಬದಲು ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಎರಡು ವರ್ಷದಿಂದ ಕಾಣದಿದ್ದುದರಿಂದ ಅದು ಏನು ಅಂತ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹಸಿವು. ಚಪಾತಿ ಸುತ್ತಿ ಸಾರಿಗೆ ಅದ್ದಿ ತಿಂದಳು, ಇನ್ನೊಂದು ತಿಂದಳು. ಅಪ್ಪನ ಪಾಲಿನದನ್ನೂ ಎಳೆದುಕೊಂಡಳು. ಅಮ್ಮ ಬೇರೆ ಕಡೆ ನೋಡುತ್ತ ಕೂತಳು, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ.

ಅಲ್ಲಿಂದ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಹಸಿವು ಬಂತು, ಕೆಲವು ತಿಂಗಳ ಮೇಲೆ ನಿದ್ದೆ ಬಂತು, ಒಮ್ಮೆ ಲ್ಯಾವೆಂಡರ್ ಮೇಲೆ ಸಿಟ್ಟೂ ಬಂತು. ಉಳಿದವು ತಮ್ಮ ಪಾಡಿಗೆ ತಡಮಾಡಿದವು. ಕೊನೆಯ ಪರೀಕ್ಷೆಯಲ್ಲಿ ಎರಡು ಸಲ ಕೈ ನಿಂತಿತು. ನರ್ಸಕ್ಕ ಹೇಳಿಕೊಟ್ಟಂತೆ ಪೆನ್ನು ಕೆಳಗಿಟ್ಟು, ಕಿಟಕಿಯಾಚೆ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಂಡು, ಮತ್ತೆ ಎತ್ತಿಕೊಂಡಳು. ಬಿ ಮೈನಸ್ ಬಂತು. ಡಾಕ್ಟರಿಕೆಗೆ ಅದು ಸಾಲದು. ಸೋದರತ್ತೆ ಆ ಮಾತನ್ನೂ ಆಡಿ ಮುಗಿಸಿದಳು. ಅಪ್ಪ ಪೇಟೆಯಲ್ಲಿ ಯಾರು ಕೇಳಿದರೂ "ಪಾಸಾಗಿದಾಳೆ" ಅಂದ, ಅಂಕ ಹೇಳಲಿಲ್ಲ.

ನೆಲಿಮಾಗೆ ಈಗ ಇಪ್ಪತ್ತಾರು. ಹಾಲಿನ ವಿಷಯ ಎರಡು ವರ್ಷ ಓದಿ, ರೈತರ ಸಹಕಾರಿ ಸಂಘದ ಹಾಲು ತಂಪು ಮಾಡುವ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಬೆಳಗ್ಗೆ ಏಳರಿಂದ ಕ್ಯಾನುಗಳು ಸೈಕಲ್ ಮೇಲೆ, ಕತ್ತೆಗಳ ಮೇಲೆ ಬರುತ್ತವೆ. ಅವಳು ಒಂದೊಂದರ ಮುಚ್ಚಳ ತೆಗೆದು ಮೂಸಿ, ಗಾಜಿನ ಕೊಳವೆ ತೇಲಿಬಿಟ್ಟು, ನೀರು ಬೆರೆಸಿದವರನ್ನು ಹೆಸರು ಹಿಡಿದು ಕರೆಯುತ್ತಾಳೆ. "ನಿನ್ನ ಹಸು ಬಾವಿಯೊಳಗೆ ಮೇಯುತ್ತಾ ಮಾಮ?" ಅಂತ ಕೇಳಿದರೆ ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಶಾಲೆಯ ಆ ಎರಡು ವರ್ಷ ಅವಳಿಗೆ ಸರಿಯಾಗಿ ನೆನಪಿಲ್ಲ. ತರಗತಿಯ ಫೋಟೋದಲ್ಲಿ ತನ್ನನ್ನು ಹುಡುಕಬೇಕಾಗುತ್ತದೆ. ಒಂದೊಂದು ವಾರ ಈಗಲೂ ಎಲ್ಲ ಮಂಕಾಗುತ್ತದೆ, ಜನ ಮಾತಾಡಿದ್ದು ದೂರದಿಂದ ಕೇಳಿಸುತ್ತದೆ. ಆಗ ಅವಳು ಹೆದರುವುದಿಲ್ಲ, ಸಂತೋಷವನ್ನೂ ಪಡುವುದಿಲ್ಲ. ಹೊತ್ತಿಗೆ ಸರಿಯಾಗಿ ಉಗಾಲಿ ಮುದ್ದೆ ತಿಂದು, ಎಂಟೂವರೆಗೆ ಫೋನನ್ನು ತಾನು ಬಾಡಿಗೆಗಿರುವ ಮನೆಯೊಡತಿಯ ಕೈಗೆ ಕೊಟ್ಟು ಮಲಗುತ್ತಾಳೆ. ಹಾಲು ಇಳಿಸುವ ಗಂಡಸರು ಕ್ಯಾನು ಎತ್ತುವಾಗ ಒಂದು ಹಾಡು ಹೇಳುತ್ತಾರೆ. ಮಂಕು ಇಳಿದ ದಿನ ಅದರ ಪದಗಳು ಅವಳಿಗೆ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತವೆ.